ಹಳೆ ಎಸ್ಟೇಟಿಗೆ ಹೊಸ ಎಳೆತ

ಟಾಟಾ ಎಸ್ಟೇಟ್ 1992ರಲ್ಲಿ ರಸ್ತೆಗಿಳಿದ ಸ್ಟೇಷನ್ ವ್ಯಾಗನ್. ನಾಲ್ಕು ಸಿಲಿಂಡರಿನ 1,948 ಸಿಸಿ ಡೀಸೆಲ್ ಎಂಜಿನ್, ಐದು ಗೇರು, ಟರ್ಬೊ ಇಲ್ಲ. ಶಕ್ತಿ 65 ಅಶ್ವಶಕ್ತಿಯ ಆಸುಪಾಸು. ಮನೆಮಂದಿಯೆಲ್ಲ ಕೂತ ಮೇಲೂ ಹಿಂದೆ ಶೇಂಗಾ ಚೀಲಗಳಿಗೆ ಜಾಗ ಉಳಿಯುವ ಈ ಗಾಡಿಯ ಮೇಲೆ ಇರುವ ದೂರು ಒಂದೇ: ಪಿಕಪ್ ಇಲ್ಲ. ಬೇಸಿಗೆಯ ಮಧ್ಯಾಹ್ನ ಐದು ಜನ ಚಳ್ಳಕೆರೆ ಬಿಟ್ಟು, ತಳಕು, ಬಿ.ಜಿ.ಕೆರೆ ದಾಟಿ ಮೊಳಕಾಲ್ಮುರಿನ ಗುಡ್ಡಗಳತ್ತ ಹೊರಟರೆ, ಮುಂದಿನ ಲಾರಿಯನ್ನು ಹಿಂದಿಕ್ಕಲು ಗಾಡಿ ಏದುಸಿರು ಬಿಡುತ್ತದೆ.

ಇದಕ್ಕೆ ಗ್ಯಾರೇಜುಗಳಲ್ಲಿ ಎರಡು ಪಂಥಗಳಿವೆ. ಒಂದು, ಎಂಜಿನಿಗೆ ಹೊಸದೇನನ್ನಾದರೂ ಕೂಡಿಸುವುದು. ಇನ್ನೊಂದು, ಎಂಜಿನ್ ವರ್ಷಗಳ ದುಡಿತದಲ್ಲಿ ಕಳೆದುಕೊಂಡದ್ದನ್ನು ಮರಳಿ ಕೊಡಿಸುವುದು. ಕಡಿಮೆ ಖರ್ಚಿನ ಮಾತು ಬಂದಾಗಲೆಲ್ಲ ಎರಡನೆಯದೇ ಗೆಲ್ಲುತ್ತದೆ.

ಮೊದಲ ಕೆಲಸ ಅಳತೆ. ಹಿರಿಯೂರು ರಸ್ತೆಯಲ್ಲಿ ವಾಹನ ಸಂಚಾರ ಕಡಿಮೆಯಿರುವ ಹೊತ್ತು ನೋಡಿ, ಸಮತಟ್ಟಾದ ಒಂದು ತುಂಡಿನಲ್ಲಿ, ನಾಲ್ಕನೇ ಗೇರಿನಲ್ಲಿ ಗಾಡಿ 40ರಿಂದ 80 ಕಿ.ಮೀ. ವೇಗಕ್ಕೇರಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಗುರುತಿಸಿಕೊಳ್ಳಬೇಕು. ಗಾಳಿ, ಇಳಿಜಾರು ಸರಿದೂಗಲು ಹೋಗುವಾಗೊಮ್ಮೆ, ಬರುವಾಗೊಮ್ಮೆ ಅಳೆಯಬೇಕು. ಮುಂದಿನ ಪ್ರತಿ ಕೆಲಸದ ಬೆಲೆ ಕಟ್ಟುವುದು ಈ ಅಂಕಿಯೇ. ಆಮೇಲೆ ಕಂಪ್ರೆಷನ್ ಪರೀಕ್ಷೆ. ಒಂದು ಸಿಲಿಂಡರ್ ಉಳಿದ ಮೂರಕ್ಕಿಂತ ತೀರ ಕೆಳಗಿದ್ದರೆ ರಿಂಗ್, ವಾಲ್ವ್ ಅಥವಾ ಗ್ಯಾಸ್ಕೆಟ್ ಹೋಗಿದೆ. ಅದನ್ನು ಸರಿಮಾಡದೆ ಬೇರೆ ಯಾವುದಕ್ಕೂ ಹಣ ಹಾಕುವಂತಿಲ್ಲ.

ಎರಡನೆಯದು ಗಾಳಿ. ಟರ್ಬೊ ಇಲ್ಲದ ಎಂಜಿನ್ ತಾನಾಗಿ ಎಳೆದುಕೊಂಡ ಗಾಳಿ ಎಷ್ಟೋ ಅಷ್ಟೇ ಡೀಸೆಲನ್ನು ಹೊಗೆಯಿಲ್ಲದೆ ಸುಡಬಲ್ಲದು. ಚಳ್ಳಕೆರೆ ಸಮುದ್ರಮಟ್ಟದಿಂದ 600 ಮೀಟರಿಗೆ ತುಸು ಕಡಿಮೆ ಎತ್ತರದಲ್ಲಿದೆ. ಗಾಳಿಯ ಒತ್ತಡದಲ್ಲಿ ಶೇ 6ರಿಂದ 7 ಅಲ್ಲಿಯೇ ಹೋಯಿತು. ಉಷ್ಣಾಂಶ 25ರಿಂದ 40 ಡಿಗ್ರಿಗೆ ಏರಿದರೆ ಗಾಳಿಯ ಸಾಂದ್ರತೆ ಇನ್ನೂ ಶೇ 5ರಷ್ಟು ಇಳಿಯುತ್ತದೆ. ಅಂದರೆ ಕಾಗದದ ಮೇಲಿನ 65, ಏಪ್ರಿಲ್ ಮಧ್ಯಾಹ್ನದ ರಸ್ತೆಯಲ್ಲಿ 58ರ ಹತ್ತಿರ. ಬಾನೆಟ್ಟಿನೊಳಗಿನ 65 ಡಿಗ್ರಿಯ ಬಿಸಿಗಾಳಿಯನ್ನೇ ಎಂಜಿನ್ ಕುಡಿದರೆ ಮತ್ತೆ ಶೇ 7 ಹೋಗಿ 54ಕ್ಕೆ ಬರುತ್ತದೆ. ಎತ್ತರವನ್ನೂ ಬಿಸಿಲನ್ನೂ ಯಾವ ಮೆಕ್ಯಾನಿಕ್ಕೂ ಬದಲಿಸಲಾರ. ಈ ಕೊನೆಯ ನಷ್ಟ ಮಾತ್ರ ಪೂರ್ತಿ ಮರಳಿ ಸಿಗುವಂಥದು. ಫಿಲ್ಟರ್ ಡಬ್ಬಿಗೆ ಹೊರಗಿನ ಗಾಳಿ ತರುವ ಕೊಳವೆ ಹಳೆಯ ಗಾಡಿಗಳಲ್ಲಿ ಒಡೆದಿರುತ್ತದೆ, ಇಲ್ಲವೆ ಯಾವುದೋ ರಿಪೇರಿಯಲ್ಲಿ ಕಳಚಿದ್ದು ಮರಳಿ ಕೂತಿರುವುದಿಲ್ಲ. ರೇಡಿಯೇಟರಿನ ಪಕ್ಕದಿಂದ, ಮಳೆನೀರು ನುಗ್ಗದ ಎತ್ತರದಲ್ಲಿ, ಅದನ್ನು ಮತ್ತೆ ಜೋಡಿಸುವ ಖರ್ಚು ಅತ್ಯಲ್ಪ.

ಫಿಲ್ಟರಿನ ಮಾತು ಬೇರೆಯೇ ಹೇಳಬೇಕು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದು ಇದು. ವರ್ಷದ ಬಹುಭಾಗ ಧೂಳು ಏಳುತ್ತದೆ. ಧೂಳಿನ ಮರಳಕಣ ಸಿಲಿಂಡರಿನ ಗೋಡೆಯನ್ನೂ ರಿಂಗನ್ನೂ ಸವೆಸುತ್ತದೆ. ಹೆಚ್ಚು ಗಾಳಿ ಬಿಡುತ್ತದೆಂದು ಮಾರುವ, ಎಣ್ಣೆ ಸವರಿದ ಹತ್ತಿಯ ಫಿಲ್ಟರುಗಳು ನುಣುಪು ಧೂಳನ್ನು ತಡೆಯುವುದರಲ್ಲಿ ಕಾಗದದ ಫಿಲ್ಟರಿಗೆ ಸಮವಲ್ಲ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಅವನ್ನು ಹಾಕಿಸುವುದು ಇಂದಿನ ಒಂದಿಷ್ಟು ಎಳೆತಕ್ಕೆ ಎಂಜಿನಿನ ಆಯುಷ್ಯವನ್ನೇ ಅಡವಿಡುವ ವ್ಯವಹಾರ. ಒಳ್ಳೆಯ ಕಾಗದದ ಫಿಲ್ಟರನ್ನು ಪುಸ್ತಕದ ಅವಧಿಗಿಂತ ಬೇಗ ಬದಲಿಸುವುದೇ ಇಲ್ಲಿಯ ಸರಿಯಾದ ಪದ್ಧತಿ.

ಮೂರನೆಯದು ಡೀಸೆಲ್. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಪಂಪಿನ ಲಿವರ್ ಕೊನೆಯವರೆಗೆ ಹೋಗುತ್ತದೆಯೇ ಎಂದು ಇನ್ನೊಬ್ಬರು ಬಾನೆಟ್ ಎತ್ತಿ ನೋಡಬೇಕು. ಕೇಬಲ್ ಸಡಿಲಾಗಿ ಲಿವರ್ ಮುಕ್ಕಾಲಿಗೇ ನಿಲ್ಲುವುದುಂಟು. ಬಿಗಿ ಮಾಡಲು ಕಾಸೂ ಬೇಡ. ಡೀಸೆಲ್ ಫಿಲ್ಟರ್ ಬದಲಿಸಿ, ನೋಜಲುಗಳನ್ನು ಪಂಪಿನ ಅಂಗಡಿಯಲ್ಲಿ ಒತ್ತಡ ಪರೀಕ್ಷೆಗೆ ಹಾಕಿಸಿ, ಪಂಪಿನ ಟೈಮಿಂಗನ್ನು ಕಂಪನಿಯ ಅಳತೆಗೆ ತಂದರೆ ಕಳೆದ ಎಳೆತದ ದೊಡ್ಡ ಪಾಲು ಇಲ್ಲಿಯೇ ಮರಳುತ್ತದೆ. ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸುವ ಪದ್ಧತಿ ಮಾತ್ರ ತಪ್ಪು. ಗಾಳಿ ಹೆಚ್ಚದೆ ಡೀಸೆಲ್ ಹೆಚ್ಚಿದರೆ ಬರುವುದು ಕಪ್ಪು ಹೊಗೆ ಮತ್ತು ಹೆಡ್ಡಿನ ಬಿಸಿ.

ಟ್ಯಾಂಕಿಗೆ ಅಡುಗೆ ಎಣ್ಣೆ ಬೆರೆಸುವ ಸಲಹೆಯನ್ನೂ ಇಲ್ಲಿಯೇ ಮುಗಿಸಬೇಕು. ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯಲ್ಲಿ ಅದಕ್ಕೆ ವಿಶೇಷ ಆಕರ್ಷಣೆಯಿದೆ. ಅದರ ಹಿಂದಿನ ಇತಿಹಾಸ ನಿಜವಾದದ್ದು, ದೊಡ್ಡದು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಟ್ಟೊ ಕಂಪನಿಯ ಚಿಕ್ಕ ಡೀಸೆಲ್ ಎಂಜಿನೊಂದು ಓಡಿದ್ದು ಶೇಂಗಾ ಎಣ್ಣೆಯಲ್ಲಿ. ರುಡಾಲ್ಫ್ ಡೀಸೆಲ್ 1912ರಲ್ಲಿ ಅದನ್ನು ನೆನೆದು ಬರೆದಿದ್ದಾನೆ: ಖನಿಜ ತೈಲಕ್ಕೆಂದು ಕಟ್ಟಿದ ಎಂಜಿನ್ ಯಾವ ಬದಲಾವಣೆಯೂ ಇಲ್ಲದೆ ಎಷ್ಟು ನಯವಾಗಿ ನಡೆಯಿತೆಂದರೆ, ನೋಡಿದವರಲ್ಲಿ ಗೊತ್ತಾದದ್ದು ಕೆಲವರಿಗೆ ಮಾತ್ರ. ಆಫ್ರಿಕದ ವಸಾಹತುಗಳಲ್ಲಿ ಹೇರಳವಾಗಿ ಬೆಳೆಯುವ ಶೇಂಗಾದಿಂದ ಅಲ್ಲಿಯೇ ಯಂತ್ರ ಓಡಿಸಬಹುದೆಂಬುದು ಫ್ರೆಂಚ್ ಸರಕಾರದ ಆಲೋಚನೆಯಾಗಿತ್ತು. ಬೆಳೆದ ಊರಿನಲ್ಲೇ ಇಂಧನ ಎಂಬ ಆ ಕಲ್ಪನೆ ಶೇಂಗಾ ಸೀಮೆಯ ಯಾರನ್ನಾದರೂ ಹಿಡಿದು ನಿಲ್ಲಿಸುವಂಥದು.

ಆದರೆ ಅದು ಇಂಧನ ಸಿಗುವ ಪ್ರಶ್ನೆಗೆ ಉತ್ತರ, ಶಕ್ತಿಯ ಪ್ರಶ್ನೆಗಲ್ಲ. ತೂಕಕ್ಕೆ ತೂಕ ಹಿಡಿದರೆ ಶೇಂಗಾ ಎಣ್ಣೆಯ ಶಾಖ ಡೀಸೆಲಿಗಿಂತ ಸುಮಾರು ಶೇ 10 ಕಡಿಮೆ. 40 ಡಿಗ್ರಿಯಲ್ಲಿ ಅದರ ಮಂದತೆ ಡೀಸೆಲಿನ ಹತ್ತು ಪಟ್ಟಿನಷ್ಟು. ಮಂದ ಎಣ್ಣೆ ನೋಜಲಿನಿಂದ ಸರಿಯಾಗಿ ತುಂತುರಾಗದೆ ಮಸಿ ಕಟ್ಟುತ್ತದೆ, ರಿಂಗುಗಳಲ್ಲಿ ಅಂಟಾಗಿ ಕೂರುತ್ತದೆ. ಕೈಗೆ ಬರುವುದು ಕಡಿಮೆ ಶಕ್ತಿ, ಮೇಲೊಂದು ರಿಪೇರಿ.

ನಾಲ್ಕನೆಯದು ಚಕ್ರ ತಲುಪುವ ಮುನ್ನ ಸೋರುವ ಶಕ್ತಿ. ಜಾರುವ ಕ್ಲಚ್ ಪ್ಲೇಟ್, ಹಿಡಿದುಕೊಂಡ ಬ್ರೇಕ್, ಗಾಳಿ ಇಳಿದ ಟೈರು, ಖಾಲಿಯಿದ್ದರೂ ಮೇಲೆ ಕೂತಿರುವ ಕ್ಯಾರಿಯರ್, ಮಸಿ ಕಟ್ಟಿದ ಸೈಲೆನ್ಸರ್ ಇವೆಲ್ಲ ಈ ಲೆಕ್ಕದವು. ಸೈಲೆನ್ಸರ್ ಕಟ್ಟಿದ್ದರೆ ಅಳತೆಯದನ್ನೇ ಹೊಸದು ಹಾಕಿಸಬೇಕು. ಸದ್ದು ಹೆಚ್ಚಿದರೆ ಎಳೆತ ಹೆಚ್ಚಿತೆಂದಲ್ಲ.

ಇನ್ನು ಟರ್ಬೊ. ಕಂಪನಿಯೇ ಇದೇ ಅಳತೆಯ ಎಂಜಿನಿಗೆ ಟರ್ಬೊ ಕೊಟ್ಟು ತನ್ನ ಹಳೆಯ ಸಿಯೆರಾ ಗಾಡಿಯಲ್ಲಿ 90ರ ಹತ್ತಿರದ ಶಕ್ತಿ ತೆಗೆದದ್ದು ನಿಜ. ಗುಜರಿಯ ಟರ್ಬೊ ಅಗ್ಗವಾಗಿ ಸಿಗುವುದೂ ನಿಜ. ಆದರೆ ಅದಕ್ಕೆ ಆಯಿಲ್ ಲೈನು, ಗ್ಯಾಸ್ಕೆಟ್, ಪಂಪಿನ ಹೊಸ ಹೊಂದಾಣಿಕೆ, ಗಟ್ಟಿ ರೇಡಿಯೇಟರ್ ಎಲ್ಲ ಬೇಕು. ಸವೆದ ಎಂಜಿನ್ ಆ ಒತ್ತಡವನ್ನು ತಾಳದು. ಕಂಪನಿಯ ವಿವರಣೆಗೆ ಹೊಂದದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಹದಿನೈದು ವರ್ಷ ದಾಟಿದ ಗಾಡಿ ನೋಂದಣಿ ನವೀಕರಣಕ್ಕೆ ತಪಾಸಣೆಗೆ ನಿಲ್ಲಲೇಬೇಕು.

ಆದ್ದರಿಂದ ಹಣ ಹೋಗಬೇಕಾದ ಕ್ರಮ ಇದು: ಅಳತೆ, ಕಂಪ್ರೆಷನ್, ಗಾಳಿ, ಡೀಸೆಲ್, ಕೊನೆಗೆ ಕ್ಲಚ್ಚು, ಬ್ರೇಕು, ಟೈರು. ಪ್ರತಿ ಹೆಜ್ಜೆಯ ನಂತರ ಅದೇ ರಸ್ತೆಯಲ್ಲಿ ಮತ್ತೆ ಸೆಕೆಂಡು ಎಣಿಸಿ, ಸಾಕೆನಿಸಿದಲ್ಲಿ ನಿಲ್ಲಿಸಿ. ಕುಟುಂಬದ ಹಳೆ ವ್ಯಾಗನ್ನಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಬಾಳಿಕೆಯ ಶಕ್ತಿ ಇಲ್ಲ.