ಊರಿಗೆ ತಿಳಿಸಿ, ಆಮೇಲೆ ಕ್ಯಾಮೆರಾ ತೆಗೆಯಿರಿ

ಕರಿ ಎರೆಭೂಮಿ ಬೆಳಕನ್ನು ಕುಡಿಯುತ್ತದೆ. ಕೊಯ್ಲಿಗೆ ಬಂದ ಬಿಳಿಜೋಳ ಅದೇ ಬೆಳಕನ್ನು ಮುಖಕ್ಕೆ ತಿರುಗಿಸಿ ಕೊಡುತ್ತದೆ. ಆಳಂದ, ಅಫಜಲಪುರ, ಜೇವರ್ಗಿಯ ಬಯಲಿನಲ್ಲಿ ಫೆಬ್ರುವರಿಯ ಇಳಿಹೊತ್ತಿಗೆ ಇವೆರಡರ ನಡುವಿನ ಬದುವಿನ ಮೇಲೆ ಒಬ್ಬಾಕೆಯನ್ನು ನಿಲ್ಲಿಸಿ ನೋಡಿ, ರಿಫ್ಲೆಕ್ಟರ್ ಬೇಕೆನಿಸುವುದಿಲ್ಲ. ಕಿರುಚಿತ್ರ ಮಾಡುವ ವಿದ್ಯಾರ್ಥಿಗಳಿಗೆ ಇಷ್ಟು ಉದಾರವಾದ ನೆಲ ನಮ್ಮ ರಾಜ್ಯದಲ್ಲಿ ಕಡಿಮೆ ಎಂಬುದು ನನ್ನ ನಂಬಿಕೆ. ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ, ಕಲಬುರಗಿಯ ಕಾಲೇಜುಗಳಿಂದಲೂ ಬಸ್ಸು ಹಿಡಿದು ಬರಬಹುದು, ಕ್ಯಾಮೆರಾ ಎಲ್ಲರ ಜೇಬಿನಲ್ಲಿದೆ. ಅದಕ್ಕೇ ಈ ವಾರ ಶಾಟ್ ಇಡುವುದಕ್ಕೆ ಮೊದಲಿನ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ.

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆದದ್ದನ್ನು ನಮ್ಮ ಭಾಗದ ಯಾವ ಚಿತ್ರತಂಡವೂ ಮರೆಯಬಾರದು. ಗೆಳೆಯನ ಊರಿಗೆಂದು ಹೈದರಾಬಾದಿನಿಂದ ಬಂದಿದ್ದ ಯುವಕರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಅಡ್ಡಗಟ್ಟಿದ ಗುಂಪಿನ ಏಟಿಗೆ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಬಿಟ್ಟ. ಈಗ ನಿಮ್ಮ ತಂಡವನ್ನು ನೋಡಿಕೊಳ್ಳಿ: ಪರ ಊರಿನ ಕಾರು, ಮಕ್ಕಳ ಕಡೆ ತಿರುಗಿದ ಉದ್ದನೆಯ ಲೆನ್ಸು, ಕತೆಯಲ್ಲಿ ಕಿರುಚಿಕೊಂಡು ಓಡುವ ಹುಡುಗಿ. ಆ ಕಿರುಚಾಟ ನಟನೆ ಎಂಬುದು ನಿಮ್ಮ ಐದಾರು ಜನಕ್ಕಷ್ಟೇ ಗೊತ್ತು. ಊರವರಿಗೆ ತಿಳಿಸುವುದನ್ನು ಬರೀ ಸೌಜನ್ಯ ಎಂದುಕೊಂಡವರಿಗೆ ನಾನು ಹೇಳುವುದಿಷ್ಟೇ, ಇಲ್ಲಿ ಅದೇ ನಿಮ್ಮ ಮೊದಲ ರಕ್ಷಣೆ.

ಪಂಚಾಯ್ತಿಯ ಪಿಡಿಒಗೆ ಕಾಲೇಜಿನ ಪತ್ರ ಕೊಡಿ, ಠಾಣೆಗೆ ಅದರ ಪ್ರತಿ ಮುಟ್ಟಿಸಿ. ಆದರೆ ಕಾಗದದಿಂದ ಊರಿಗೆ ಸುದ್ದಿ ಮುಟ್ಟುವುದಿಲ್ಲ. ಹಿಂದಿನ ದಿನವೇ ಹೋಗಿ ಅಗಸಿ ಕಟ್ಟೆಯ ಮೇಲೆ ಕೂಡಬೇಕು. “ಎಲ್ಲಿಂದ ಬಂದೀರಿ? ಏನ್ ತಗೀಲಾಕತ್ತೀರಿ?” ಎಂದು ಯಾರಾದರೂ ಮುತ್ಯಾ ಕೇಳಿಯೇ ಕೇಳುತ್ತಾರೆ. “ಸುಮ್ನ ಕಾಲೇಜಿಂದು ರೀ” ಎಂದು ಜಾರಿಕೊಳ್ಳಬೇಡಿ. ಕತೆ ಪೂರ್ತಿ ಹೇಳಿ. ಎಷ್ಟೋ ಸಲ ಅಲ್ಲೇ ಕತೆ ತಿದ್ದುಪಡಿಯಾಗುತ್ತದೆ, ಅದೂ ಒಳ್ಳೆಯದಕ್ಕೇ. ಮಕ್ಕಳು ಫ್ರೇಮಿನಲ್ಲಿದ್ದರೆ ಅವರ ತಾಯಿಯೋ ತಂದೆಯೋ ಕ್ಯಾಮೆರಾದ ಪಕ್ಕದಲ್ಲೇ ನಿಂತಿರಬೇಕು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ 2022ರಲ್ಲಿ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ನಮ್ಮದೇ ಸೀಮೆಯ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಅಲ್ಲಿನ ಜನರನ್ನೇ ಇಟ್ಟುಕೊಂಡು ತೆಗೆದ ಸಿನಿಮಾ ಅದು. ಆ ಮುಖಗಳ ನಿರಾಳತೆಯನ್ನು ಗಮನಿಸಿ. ಊರನ್ನು ಒಲಿಸಿಕೊಳ್ಳದೆ ಅಂಥದ್ದು ಯಾವ ಲೆನ್ಸಿಗೂ ಸಿಗದು.

ಹೊಲದ ಮಾತು ಚಿಕ್ಕದು. ತೊಗರಿಯಾಗಲಿ ಜೋಳವಾಗಲಿ, ತುಳಿಯುವ ಮೊದಲು ಕೇಳಿ, ತುಳಿದದ್ದಕ್ಕೆ ದುಡ್ಡು ಕೊಡಿ. ರಾಶಿ ನಡೆಯುವಾಗ ಕೆಲಸ ನಿಲ್ಲಿಸಿ ಪೋಸು ಕೊಡಿ ಎನ್ನಬೇಡಿ. ಮಳೆ ಬಿದ್ದ ಎರೆಯಲ್ಲಿ ಕಾರು ಹೂತರೆ ಎಳೆಯಲು ಅದೇ ರೈತನ ಟ್ರ್ಯಾಕ್ಟರ್ ಬರಬೇಕು. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲುವುದನ್ನು ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ. ಅಂದು ಹೊಲದವರು ಊಟಕ್ಕೆ ಕರೆದರೆ ಕ್ಯಾಮೆರಾ ಬ್ಯಾಗಿಗೆ ಹಾಕಿ ಭಜ್ಜಿ, ಸಜ್ಜೆ ರೊಟ್ಟಿಗೆ ಕೂಡಬೇಕು.

ಕರೆಂಟಿನ ವಿಷಯದಲ್ಲಿ ನನಗೆ ಹೆಚ್ಚು ಭಯ. 2021ರ ಆಗಸ್ಟ್‌ನಲ್ಲಿ ಬಿಡದಿ ಬಳಿ ‘ಲವ್ ಯು ರಚ್ಚು’ ಚಿತ್ರೀಕರಣದಲ್ಲಿ ಸಾಹಸ ಕಲಾವಿದರೊಬ್ಬರು ಹೈಟೆನ್ಷನ್ ತಂತಿಯ ವಿದ್ಯುತ್ ಹರಿದು ಸತ್ತರು. ಅಲ್ಲಿ ಕ್ರೇನ್ ಇತ್ತು, ನಮ್ಮ ಹುಡುಗರ ಬಳಿ ಇರುವುದು ಅಲ್ಯೂಮಿನಿಯಂ ಬೂಮ್ ಕೋಲು. ಹೊಲದ ಮೇಲೆ ಜೋತುಬಿದ್ದ ತಂತಿಗೆ ಎರಡೂ ಒಂದೇ. ಮೈಕು ಎತ್ತುವವನ ಕಣ್ಣು ನಟನ ಬಾಯಿಯ ಮೇಲಿರುತ್ತದೆ. ಆದ್ದರಿಂದ ಮೇಲೆ ನೋಡಲೆಂದೇ ಇನ್ನೊಬ್ಬ ಬೇಕು. ರಾತ್ರಿ ಲೈಟಿಗೆ ಪಂಪ್‌ಸೆಟ್ಟಿನ ಡಬ್ಬಿಯಿಂದ ವೈರು ಎಳೆಯುವುದಂತೂ ಬೇಡವೇ ಬೇಡ. ಜೆಸ್ಕಾಂ ಲೈನ್‌ಮನ್‌ಗೆ ಫೋನ್ ಮಾಡಿ ಕೇಳಿ, ಇಲ್ಲವೇ ಬ್ಯಾಟರಿ ಲೈಟಿನಲ್ಲಿ ಮುಗಿಸಿ.

ಭೀಮಾ ನದಿ ಎಲ್ಲರನ್ನೂ ಸೆಳೆಯುತ್ತದೆ. ಘತ್ತರಗಿ ಭಾಗಮ್ಮನ ಗುಡಿಯ ಬಳಿ, ಗಾಣಗಾಪುರದಲ್ಲಿ ಅಮರ್ಜಾ ಬಂದು ಕೂಡುವ ಸಂಗಮದಲ್ಲಿ, ಕಟ್ಟಿಸಂಗಾವಿಯ ಸೇತುವೆಯ ಕೆಳಗೆ ನೀರು ಮೊಣಕಾಲುದ್ದ ಕಾಣುತ್ತದೆ. ಮರಳು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಇಲ್ಲಿ ಬಿಸಿಲು ಹೊಡೆಯುತ್ತಿದ್ದರೂ ಸೊಲ್ಲಾಪುರ ಜಿಲ್ಲೆಯ ಉಜನಿಯಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. 2020ರ ಅಕ್ಟೋಬರಿನಲ್ಲಿ ಮೇಲಿನಿಂದ ಬಂದ ನೀರು ಅಫಜಲಪುರ, ಜೇವರ್ಗಿಯ ದಂಡೆಯ ಹಳ್ಳಿಗಳನ್ನು ಹೇಗೆ ಮುಳುಗಿಸಿತು ಎಂಬುದನ್ನು ಅಲ್ಲಿಯವರನ್ನೇ ಕೇಳಿ. ಸೊನ್ನ ಬ್ಯಾರೇಜಿನಲ್ಲಿ ವಿಚಾರಿಸದೆ, ಈಜು ಬಲ್ಲ ಸ್ಥಳೀಯರೊಬ್ಬರು ಜೊತೆಗಿಲ್ಲದೆ ನೀರಿಗೆ ಕಾಲಿಡಬಾರದು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ಗಾಗಿ ಲೈಫ್ ಜಾಕೆಟ್ ಇಲ್ಲದೆ ಹೆಲಿಕಾಪ್ಟರ್‌ನಿಂದ ಜಿಗಿದ ನಟರಾದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ದೊಡ್ಡ ಬಜೆಟ್ಟಿನ ಸಿನಿಮಾ ಅದು.

ದಂಡೆಯ ಮೇಲೆ ರಾತ್ರಿ ಇನ್ನೊಂದು ಅಪಾಯವಿದೆ. 2023ರ ಜೂನ್‌ನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳು ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಅದೇ ಟ್ರ್ಯಾಕ್ಟರಿನಡಿ ಸಿಕ್ಕಿ ಸತ್ತರು. ಅಂಥ ದಂಡೆಯಲ್ಲಿ ಕತ್ತಲಾದ ಮೇಲೆ ಲೈಟು, ಕ್ಯಾಮೆರಾ ಹಿಡಿದು ನಿಂತವರು ವಿದ್ಯಾರ್ಥಿಗಳೆಂದು ಮರಳಿನವರಿಗೆ ಹೇಗೆ ತಿಳಿಯಬೇಕು? ನದಿಯ ರಾತ್ರಿ ದೃಶ್ಯವನ್ನು ಕೆರೆಯ ಬಳಿ ತೆಗೆಯಿರಿ ಎಂದೇ ನನ್ನ ಸಲಹೆ. ಪರದೆಯ ಮೇಲೆ ಕಪ್ಪು ನೀರು ಕಪ್ಪು ನೀರೇ.

ಗಾಣಗಾಪುರದ ಗುಡಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮಧ್ಯಾಹ್ನದ ಮಹಾಮಂಗಳಾರತಿಯ ಹೊತ್ತಿಗೆ ಪೀಡೆ ಬಿಡಿಸಿಕೊಳ್ಳಲು ಬಂದವರು ಕೂಗುತ್ತಾರೆ, ಹೊರಳುತ್ತಾರೆ, ಕಂಬ ಹತ್ತುತ್ತಾರೆ. ಕ್ಯಾಮೆರಾ ಹಿಡಿದವನಿಗೆ ಇದಕ್ಕಿಂತ ತೀವ್ರವಾದ ದೃಶ್ಯ ಸಿಗದು, ಅದಕ್ಕೇ ಅಲ್ಲಿ ಫೋನುಗಳು ಮೇಲೇಳುತ್ತವೆ. ಆಡಳಿತದವರು ಒಪ್ಪಿಗೆ ಕೊಟ್ಟರೆಂದು ಅಲ್ಲಿ ಹೊರಳುತ್ತಿರುವ ಹೆಂಗಸು ಒಪ್ಪಿದಂತಾಗುವುದಿಲ್ಲ. ಆ ಗಳಿಗೆಯಲ್ಲಿ ಒಪ್ಪುವ ಸ್ಥಿತಿಯಲ್ಲಿ ಅವಳಿಲ್ಲ, ಜೊತೆಗೆ ಬಂದ ಅಣ್ಣನೋ ಗಂಡನೋ ಅವಳ ಪರವಾಗಿ ಹೂಂ ಎಂದರೆ ಸಾಲದು. ಆರತಿ ಮುಗಿದು ಅವಳು ನೀರು ಕುಡಿದು ಕೂತಾಗ ಹೋಗಿ ಕೇಳುವ ತಾಳ್ಮೆ ಇಲ್ಲದವರು ಆ ಚಿತ್ರ ತೆಗೆಯಲೇಬಾರದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಚಿಕಿತ್ಸಾ ಕೇಂದ್ರಗಳಲ್ಲಿರುವವರ ಫೋಟೊವನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಬಾರದು ಎನ್ನುತ್ತದೆ. ಗುಡಿ ಚಿಕಿತ್ಸಾ ಕೇಂದ್ರವಲ್ಲ, ನಿಜ. ಆದರೆ ಗುಡಿಗೆ ಬಂದವಳ ಮಾನ ಆಸ್ಪತ್ರೆಗೆ ಹೋದವಳ ಮಾನಕ್ಕಿಂತ ಅಗ್ಗವೇ? ಮಧುಕರಿ ಬೇಡುವ ಭಕ್ತರಿಗೂ ಇದೇ ಮಾತು. ಅವರದು ವ್ರತ, ಬಡತನದ ಚಿತ್ರವಲ್ಲ. ಆಳಂದದ ಲಾಡ್ಲೆ ಮಶಾಕ ದರ್ಗಾಕ್ಕೆ ಹೋಗುವವರು 2022ರ ಮಾರ್ಚ್‌ನ ಶಿವರಾತ್ರಿಯಂದು ಅಲ್ಲಿ ನಿಷೇಧಾಜ್ಞೆ ಇತ್ತೆಂಬುದನ್ನು ನೆನಪಿಟ್ಟು, ಹಬ್ಬ ಉರುಸುಗಳ ದಿನ ಬಿಟ್ಟು, ಹಿಂದೂ, ಮುಸ್ಲಿಂ ಎರಡೂ ಕಡೆಯ ಹಿರಿಯರನ್ನು ಕಂಡು ಹೋಗಲಿ.

ಪುಣೆಯ ಎಫ್‌ಟಿಐಐ ವಿದ್ಯಾರ್ಥಿಯಾಗಿ ಚಿದಾನಂದ ಎಸ್. ನಾಯ್ಕ್ ಮಾಡಿದ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್ ಉತ್ಸವದ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಗೆದ್ದಿತು. ಚಿತ್ರೀಕರಣಕ್ಕೆ ಅವರಿಗೆ ಸಿಕ್ಕಿದ್ದು ನಾಲ್ಕೇ ದಿನ. ಅಂಥ ಸಾಹಸದ ಸುದ್ದಿ ಕೇಳಿದವರು ರಾತ್ರಿಯಿಡೀ ಶೂಟ್ ಮಾಡಿ ಬೆಳಗಿನ ಜಾವ ಬೈಕಿನಲ್ಲಿ ಕಲಬುರಗಿಗೆ ಹೊರಡುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಆ ರಸ್ತೆಗಳಲ್ಲಿ ಹಿಂಬದಿ ದೀಪವಿಲ್ಲದ ಟ್ರಾಲಿಗಳು ನಿಂತಿರುತ್ತವೆ. 1997ರಲ್ಲಿ ಅಮೆರಿಕದ ಕ್ಯಾಮೆರಾ ಸಹಾಯಕ ಬ್ರೆಂಟ್ ಹರ್ಷ್‌ಮನ್ 19 ತಾಸು ದುಡಿದು ಮನೆಗೆ ಹೋಗುವಾಗ ನಿದ್ದೆ ಬಂದು ಅಪಘಾತದಲ್ಲಿ ಸತ್ತ. ಹೆಸರಾಂತ ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್ಲರ್ ಇದರ ಮೇಲೆ ಸಾಕ್ಷ್ಯಚಿತ್ರವನ್ನೇ ಮಾಡಿದರು. ರಾತ್ರಿ ಕೆಲಸವಿದ್ದರೆ ಊರಲ್ಲೇ ಮಲಗಿ. ಶಾಲೆಯ ಪಡಸಾಲೆ ಕೇಳಿದರೆ ಕೊಡುತ್ತಾರೆ, ಮುಂಜಾನೆ ಕಸ ಗುಡಿಸಿ ಬೀಗ ಒಪ್ಪಿಸಿ.

ಚಿತ್ರ ಮುಗಿದ ಮೇಲೆ ಅದನ್ನು ಮೊದಲು ಆ ಊರಲ್ಲೇ, ಹನುಮಂತ ದೇವರ ಗುಡಿಯ ಮುಂದೆ ಬಿಳಿ ಬಟ್ಟೆ ಕಟ್ಟಿ ತೋರಿಸಿ. ಎಡಿಟಿಂಗ್‌ನಲ್ಲಿ ಯಾರ ದೃಶ್ಯ ಹೋಗಿದೆಯೋ ಅವರ ಮನೆಗೆ ಪ್ರದರ್ಶನಕ್ಕೆ ಮುಂಚೆಯೇ ಹೋಗಿ ಹೇಳಿ ಬನ್ನಿ. ಇಡೀ ಓಣಿಯನ್ನು ಕರೆದುಕೊಂಡು ಬಂದು ತನ್ನ ಮುಖಕ್ಕಾಗಿ ಕಾಯುವ ಆಯಿಗೆ ಅದು ಅಲ್ಲಿ ಎಲ್ಲರೆದುರು ಗೊತ್ತಾಗಬಾರದು.