ಹಮಾಲರ ಹೆಗಲಿಗೂ ಸ್ಕ್ಯಾನಿಂಗ್

ತಂಬ್ರಹಳ್ಳಿಯ ಕಡೆ ಸ್ಕ್ಯಾನಿಂಗ್ ಅಂದರೆ ಬಸುರಿಯ ಹೊಟ್ಟೆ, ಇಲ್ಲವೇ ಕಿಡ್ನಿ ಕಲ್ಲು. ಮೆಕ್ಕೆಜೋಳದ ಚೀಲ ಹೊತ್ತು ರಟ್ಟೆ ಎತ್ತಲಾಗದ ಹಮಾಲನಿಗೂ ಅದು ನೆರವಾಗಬಲ್ಲದು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಅವನಿಗೆ ಎಕ್ಸ್‌ರೇ, ನೋವಿನ ಇಂಜೆಕ್ಷನ್, ಅಷ್ಟೇ. ಎಕ್ಸ್‌ರೇ ಎಲುಬು ತೋರಿಸುತ್ತದೆ, ಸೊರಗಿದ ಸ್ನಾಯುವನ್ನಲ್ಲ.

ಅಲ್ಟ್ರಾಸೌಂಡ್ ಗೆಲ್ಲುವುದು ಇಲ್ಲೇ. ಕುತ್ತಿಗೆಯಿಂದ ಇಳಿಯುವ ಸುಪ್ರಾಸ್ಕ್ಯಾಪುಲರ್ ನರ ರೆಕ್ಕೆ ಎಲುಬಿನ ಮೇಲಂಚಿನ ಕಚ್ಚಿನಲ್ಲಿ, ಬಿಗಿದ ಪಟ್ಟಿಯೊಂದರ ಅಡಿ ನುಸುಳಿ, ಎಲುಬಿನ ಏಣಿನ ಮೇಲಿನ ಸ್ನಾಯುವಿಗೂ ಕೆಳಗಿನದಕ್ಕೂ ಹೋಗುತ್ತದೆ. ಎರಡೂ ಸೊರಗಿದ್ದರೆ ಪೆಟ್ಟು ಆ ಕಚ್ಚಿನಲ್ಲಿ ಅಥವಾ ಅದಕ್ಕೂ ಮೇಲೆ. ಕೆಳಗಿನದೊಂದೇ ಸೊರಗಿದ್ದರೆ ನರ ಏಣನ್ನು ಬಳಸಿ ತಿರುಗುವ ಜಾಗವನ್ನು ಹುಡುಕಬೇಕು. ಕೀಲಿನಿಂದ ಉಬ್ಬಿದ ನೀರುಗುಳ್ಳೆ ಅಲ್ಲಿ ನರವನ್ನು ಒತ್ತುತ್ತಿರಬಹುದು. ಗುಳ್ಳೆ ಪರದೆಯ ಮೇಲೆ ಕಪ್ಪಗೆ ಕಾಣುತ್ತದೆ, ನೋಡುತ್ತಲೇ ಸೂಜಿ ಹಾಕಿ ನೀರು ತೆಗೆಯಬಹುದು. ಕುತ್ತಿಗೆಯ ಟಿಬಿ ಗಡ್ಡೆ ತೆಗೆಸಿಕೊಂಡ ಮೇಲೆ ಹೆಗಲು ಜೋತುಬಿದ್ದವರಲ್ಲಿ ಆಕ್ಸೆಸರಿ ನರ ತುಂಡಾಗಿದೆಯೇ ಎಂದೂ ಹುಡುಕಬಹುದು. ಕೈ ಎತ್ತಿಸಿ, ಎಡಬಲ ಹೋಲಿಸಿ, ಸ್ನಾಯು ಕೆಲಸ ಮಾಡುವಾಗಲೇ ನೋಡುವ ಅನುಕೂಲ ಎಂಆರ್‌ಐಗೆ ಇಲ್ಲ.

ಆದರೆ ಅಲ್ಟ್ರಾಸೌಂಡ್‌ನ ಮಾತನ್ನು ಪೂರ್ತಿ ನಂಬಲು ನಾನು ಒಪ್ಪುವುದಿಲ್ಲ. ನರದ ಸಂಪರ್ಕ ತಪ್ಪಿದ ಸ್ನಾಯು ತೆಳುವಾಗಿ, ಕೊಬ್ಬು ಸೇರಿ ಪರದೆಯ ಮೇಲೆ ಬೆಳ್ಳಗಾಗಲು ವಾರಗಳೇ ಬೇಕು. ಎಂಆರ್‌ಐ ಅದಕ್ಕೂ ಮೊದಲೇ ಸುಳಿವು ಕೊಡುತ್ತದೆ. ಮೇಲಾಗಿ ಸ್ನಾಯುರಜ್ಜು ಹರಿದರೂ ಅದೇ ಬಿಳುಪು. ಹಾಗಾಗಿ ಬಿಳುಪು ಕಂಡ ಕೂಡಲೇ ನರದ ತೊಂದರೆ ಎಂದು ಬರೆಯುವುದೂ ತಪ್ಪು, ಮೊದಲ ವಾರದ ಸ್ಕ್ಯಾನ್ ನೋಡಿ ನರ ಸರಿಯಿದೆ ಎನ್ನುವುದೂ ತಪ್ಪು. ನರದ ತಕರಾರನ್ನು ಖಚಿತಪಡಿಸಲು ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿ ಪರೀಕ್ಷೆ ಬೇಕು, ಅದೂ ಪೆಟ್ಟಾಗಿ ಎರಡು ಮೂರು ವಾರದ ನಂತರ. ಇವೆಲ್ಲಕ್ಕೂ ಮೊದಲು ಅಂಗಿ ಬಿಚ್ಚಿಸಿ ಗೋಡೆ ತಳ್ಳಿಸಬೇಕು. ರೆಕ್ಕೆ ಎಲುಬು ಬೆನ್ನಿನಿಂದ ಎದ್ದು ನಿಂತರೆ ಪಕ್ಕೆಯ ಸೆರಾಟಸ್ ಸ್ನಾಯು ಸೋತಿದೆ ಎಂಬ ಅನುಮಾನ ಕಾಸು ಖರ್ಚಿಲ್ಲದೆ ಸಿಗುತ್ತದೆ. ಇಷ್ಟನ್ನೂ ಮಾಡದೆ ಬರೆದ ಸ್ಕ್ಯಾನ್ ಚೀಟಿ ನನಗೆ ಸಿಟ್ಟು ತರಿಸುತ್ತದೆ.

ಯಂತ್ರವನ್ನೇ ಹಳ್ಳಿಗೆ ಒಯ್ಯಬಹುದಲ್ಲ ಎಂದರೆ, ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ನೋಂದಣಿಯ ಕಟ್ಟು ಹಾಕಿದೆ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಗುಟ್ಟಾಗಿ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಬಯಲಾದ ಮೇಲೆ ಆ ಕಟ್ಟು ಸಡಿಲಿಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಗರಿಬೊಮ್ಮನಹಳ್ಳಿ, ಹೊಸಪೇಟೆಗಳಲ್ಲಿ ನೋಂದಣಿಯಾದ ಯಂತ್ರ ಇರುವಲ್ಲೇ ಹೊಟ್ಟೆಯ ಪ್ರೋಬ್ ಜೊತೆಗೆ ಮೇಲ್ಪದರ ನೋಡುವ, ಹೆಚ್ಚು ಆವರ್ತನದ ಪ್ರೋಬ್ ಬರಲಿ. ಅದನ್ನು ಹೆಗಲ ಮೇಲೆ ಆಡಿಸಲು ವೈದ್ಯರಿಗೆ ತರಬೇತಿ ಸಿಗಲಿ. ದಿನದ ಕೂಲಿ ಬಿಟ್ಟು ಹಮಾಲ ಅಲ್ಲಿಯವರೆಗೆ ಹೇಗೋ ಬಂದಾನು, ಬೆಂಗಳೂರಿಗೆ ಬರಲಾರ.