ಕೀಲೆಣ್ಣೆಯ ವಾದ: ಒಂದು ವಿಮರ್ಶೆ

ಲಂಚವು ಅನೀತಿಯೆಂಬುದನ್ನು ಒಪ್ಪಿಯೂ ಅದು ಆರ್ಥಿಕ ಬೆಳವಣಿಗೆಗೆ ನೆರವಾಗಬಲ್ಲದೆಂದು ವಾದಿಸಿದ ವಿದ್ವಾಂಸರುಂಟು. ಅವರಲ್ಲಿ ಪ್ರಮುಖರು ಅಮೆರಿಕದ ನಥಾನಿಯಲ್ ಲೆಫ್. 1964ರಲ್ಲಿ ಪ್ರಕಟವಾದ ಅವರ ಲೇಖನದ ಸಾರಾಂಶ ಇಷ್ಟು: ಸರಕಾರದ ನಿಯಮಗಳೇ ಅವಿವೇಕದಿಂದ ಕೂಡಿರುವಲ್ಲಿ ಲಂಚವು ಆ ನಿಯಮಗಳ ಬಿಗಿಯನ್ನು ಸಡಿಲಿಸುತ್ತದೆ, ಉದ್ಯಮಿಗೆ ದಾರಿ ತೆರೆಯುತ್ತದೆ. 1968ರಲ್ಲಿ ಸ್ಯಾಮ್ಯುಯೆಲ್ ಹಂಟಿಂಗ್‌ಟನ್ನರು ಇನ್ನೂ ಮುಂದೆ ಹೋಗಿ, ಬಿಗಿಯಾದ ಅಧಿಕಾರಶಾಹಿಯು ಪ್ರಾಮಾಣಿಕವೂ ಆಗಿಬಿಟ್ಟರೆ ಬೆಳವಣಿಗೆಗೆ ಅದಕ್ಕಿಂತ ದೊಡ್ಡ ಕೇಡಿಲ್ಲವೆಂಬ ಅರ್ಥದ ಮಾತನ್ನಾಡಿದರು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ ಆಡಳಿತಕ್ಕೆ ಲಂಚ ಹಾಗೆ ಎಂಬುದೇ ಈ ಪಂಥದ ತಾತ್ಪರ್ಯ.

ವಾದವನ್ನು ಒಮ್ಮೆಲೇ ತಳ್ಳಿಹಾಕುವುದು ನ್ಯಾಯವಲ್ಲ. ಲೆಫ್ ಕೊಡುವ ನಿದರ್ಶನ ಗಟ್ಟಿಯಾಗಿಯೇ ಇದೆ. 1960ರ ದಶಕದ ಆರಂಭದಲ್ಲಿ ಚಿಲಿ ಮತ್ತು ಬ್ರೆಜಿಲ್ ಎರಡೂ ಆಹಾರ ಪದಾರ್ಥಗಳ ಬೆಲೆಗೆ ಕಡಿವಾಣ ಹಾಕಿದವು. ಚಿಲಿಯ ಅಧಿಕಾರಿಗಳು ಆಜ್ಞೆಯನ್ನು ನಿಷ್ಠೆಯಿಂದ ಜಾರಿಗೊಳಿಸಿದರು. ಅಲ್ಲಿ ಉತ್ಪಾದನೆ ಕುಂಠಿತವಾಯಿತು. ಬ್ರೆಜಿಲಿನ ಅಧಿಕಾರಿಗಳು ಲಂಚ ಪಡೆದು ಕಣ್ಣು ಮುಚ್ಚಿದರು. ಬೆಲೆ ಏರಿತು, ರೈತನು ಹೆಚ್ಚು ಬೆಳೆದನು. ಕೆಟ್ಟ ನಿಯಮವನ್ನು ಮೀರಿದ್ದರಿಂದ ಆ ಒಂದು ಸಲ ಲಾಭವಾಯಿತೆಂಬುದನ್ನು ಒಪ್ಪಲೇಬೇಕು. ಆದರೆ ಆ ನಿಯಮವು ಮರುವರ್ಷವೂ ಏಕೆ ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಲೆಫ್ ಸಾಕಷ್ಟು ಹಿಂಬಾಲಿಸುವುದಿಲ್ಲ. ಯಾವ ನಿಯಮದಿಂದ ಒಬ್ಬನಿಗೆ ವರಮಾನವಿದೆಯೋ ಆ ನಿಯಮವನ್ನು ಅವನು ತಾನಾಗಿ ರದ್ದುಮಾಡಿಸುವನೇ?

ಅವರ ಇನ್ನೊಂದು ತರ್ಕ ಹರಾಜಿನದು. ಪರವಾನಗಿಗಳು ಕೆಲವೇ ಇದ್ದಾಗ ಹೆಚ್ಚು ಲಂಚ ಕೊಡಬಲ್ಲವನು ಹೆಚ್ಚು ದಕ್ಷನೂ ಆಗಿರುತ್ತಾನೆ, ಆದುದರಿಂದ ಪರವಾನಗಿ ಯೋಗ್ಯನ ಕೈ ಸೇರುತ್ತದೆ ಎಂದು. ಅಂಗಡಿಯ ಗಲ್ಲೆಯ ಮುಂದೆ ಕುಳಿತವರಾರೂ ಇದನ್ನು ಒಪ್ಪಲಾರರು. ಸಿಮೆಂಟಿನಲ್ಲಿ ಮರಳು ಹೆಚ್ಚಿಸುವ ಗುತ್ತಿಗೆದಾರನೂ ಹೆಚ್ಚು ಕೊಡಬಲ್ಲನು. ಅವನ ಉಳಿತಾಯವಿರುವುದು ಸೇತುವೆಯ ಕಂಬದಲ್ಲಿ. ಅಲ್ಲದೆ ಹರಾಜಿನಲ್ಲಿ ಕೂಗಿದ ಬೆಲೆಗೆ ಮಾಲು ಖಚಿತ. ಲಂಚಕ್ಕೆ ರಸೀದಿಯಿಲ್ಲ, ಕಿರ್ದಿಯಲ್ಲಿ ಬರೆಯುವಂತಿಲ್ಲ, ಖತಾವಣಿಯಲ್ಲಿ ಅದಕ್ಕೆ ಪುಟವಿಲ್ಲ. ಒಬ್ಬ ಅಧಿಕಾರಿ ವರ್ಗವಾದರೆ ಬಂದವನೊಡನೆ ಲೆಕ್ಕ ಮತ್ತೆ ಮೊದಲಿನಿಂದ. ಇಂಥ ಖರ್ಚನ್ನು ತಿಂಗಳೊಪ್ಪತ್ತಿನಲ್ಲಿ ಬಂಡವಾಳ ಕೈಸೇರುವ ಕೊಳ್ಳುವ ಮಾರುವ ವ್ಯಾಪಾರ ಹೇಗೋ ತಾಳಿಕೊಂಡೀತು. ಇಪ್ಪತ್ತು ವರ್ಷದ ಮೇಲೆ ದೃಷ್ಟಿಯಿಟ್ಟು ಕಾರ್ಖಾನೆ ಕಟ್ಟುವವನು ತಾಳಲಾರನು. ಬೆಳವಣಿಗೆಗೆ ಬೇಕಾದವನು ಮಾತ್ರ ಈ ಎರಡನೆಯವನೇ.

ಕಾಕತಾಳೀಯವೆಂಬಂತೆ ಲೆಫ್ ಲೇಖನ ಬಂದ 1964ರಲ್ಲಿಯೇ ದಿಲ್ಲಿಯಲ್ಲಿ ಕೆ. ಸಂತಾನಂ ಸಮಿತಿಯು ತನ್ನ ವರದಿಯನ್ನು ಸಲ್ಲಿಸಿತು. ಕೇಂದ್ರ ಜಾಗೃತ ಆಯೋಗ ಹುಟ್ಟಿದ್ದು ಈ ಸಮಿತಿಯ ಶಿಫಾರಸಿನಿಂದ. ಅಕ್ರಮವಾದ ಯಾವುದನ್ನೂ ಬಯಸದವರು ಕೂಡ ಕಡತ ಬೇಗ ಸಾಗಲೆಂದು ಹಣ ಕೊಡುತ್ತಾರೆ. ಈ ರೂಢಿಯೇ ವಿಳಂಬದ ದೊಡ್ಡ ಕಾರಣಗಳಲ್ಲೊಂದಾಗಿದೆ ಎಂದು ಸಮಿತಿ ಕಂಡುಕೊಂಡಿತು. ಗುನ್ನಾರ್ ಮಿರ್ಡಾಲರು 1968ರ ‘ಏಷಿಯನ್ ಡ್ರಾಮಾ’ದಲ್ಲಿ ಹಿಡಿದುಕೊಂಡದ್ದು ಈ ಎಳೆಯನ್ನೇ. ಎಣ್ಣೆ ಹಾಕಿದರೆ ಗಾಡಿ ಓಡುವುದು ನಿಜ. ಆದರೆ ಎಣ್ಣೆ ಮಾರುವವನೇ ಗಾಡಿಯ ಕಾವಲುಗಾರನೂ ಆದರೆ, ಅಚ್ಚು ಒಣಗಿರುವಂತೆ ನೋಡಿಕೊಳ್ಳುವುದೇ ಅವನ ಕಸುಬಾಗುತ್ತದೆ. 1951ರ ಕೈಗಾರಿಕಾ ಕಾಯಿದೆಯಿಂದ ಬೇರೂರಿದ ಲೈಸೆನ್ಸ್ ಪದ್ಧತಿ 1991ರ ಜುಲೈವರೆಗೆ ಬಾಳಿತಷ್ಟೆ. ಆ ನಾಲ್ಕು ದಶಕಗಳಲ್ಲಿ ಲಂಚವು ನಿಯಮಗಳನ್ನು ಸವೆಸಲಿಲ್ಲ. ಅವನ್ನು ಸಡಿಲಿಸಿದ್ದು ವಿದೇಶೀ ವಿನಿಮಯದ ಬಿಕ್ಕಟ್ಟು.

1995ರಲ್ಲಿ ಪಾವೊಲೊ ಮೌರೊ ಸುಮಾರು 70 ದೇಶಗಳ ಅಂಕಿಗಳನ್ನು ಹೋಲಿಸಿ, ಭ್ರಷ್ಟಾಚಾರ ಹೆಚ್ಚಿದಲ್ಲಿ ಬಂಡವಾಳ ಹೂಡಿಕೆ ಕಡಿಮೆಯೆಂದೂ ಕಟ್ಟುಕಟ್ಟಳೆಗಳು ವಿಪರೀತವಾಗಿರುವ ದೇಶಗಳಿಗೂ ಇದು ಅನ್ವಯಿಸುವುದೆಂದೂ ತೋರಿಸಿದರು. ಹಾಗಾದರೆ ದಕ್ಷಿಣ ಕೊರಿಯ ಬೆಳೆದುದು ಹೇಗೆ? ಉದ್ಯಮಿಗಳಿಂದ ಹಣ ಪಡೆದ ಆರೋಪದಲ್ಲಿ ಅಲ್ಲಿನ ಇಬ್ಬರು ಮಾಜಿ ಅಧ್ಯಕ್ಷರಿಗೆ 1996ರಲ್ಲಿ ಶಿಕ್ಷೆಯಾಯಿತು. ಆದರೂ ಆ ದೇಶದಲ್ಲಿ ಸರಕಾರಿ ಸಾಲ ಪಡೆದ ಸಂಸ್ಥೆಯು ರಫ್ತಿನ ಗುರಿ ಮುಟ್ಟಲೇಬೇಕಿತ್ತು. ಕಾಣಿಕೆ ಕೊಟ್ಟ ಮಾತ್ರಕ್ಕೆ ಸೋತ ಉದ್ಯಮ ಉಳಿಯುತ್ತಿರಲಿಲ್ಲ. ಸುಹಾರ್ತೊ ಆಳಿದ ಇಂಡೊನೇಷ್ಯವೂ ಮೂರು ದಶಕ ಬೆಳೆಯಿತು, 1998ರಲ್ಲಿ ಒಂದೇ ವರ್ಷದಲ್ಲಿ ಅದರ ಉತ್ಪನ್ನ ಶೇಕಡಾ 13ರಷ್ಟು ಕುಸಿಯಿತು. ಆ ಕುಸಿತಕ್ಕೆ ಲಂಚವೊಂದೇ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. ಬೆಳವಣಿಗೆಯ ಅಂಕಿ ಎಲ್ಲವನ್ನೂ ಹೇಳುವುದಿಲ್ಲವೆಂದಷ್ಟೇ ಇಲ್ಲಿ ಗ್ರಹಿಸಬಹುದು.

ಬಳ್ಳಾರಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಜಿಲ್ಲೆಯ ಐಶ್ವರ್ಯ ಕಣ್ಣು ಕುಕ್ಕುವಂತಿತ್ತು. 2011ರ ಲೋಕಾಯುಕ್ತ ವರದಿ ರಾಜ್ಯದ ಬೊಕ್ಕಸಕ್ಕಾದ ನಷ್ಟವನ್ನು 16,000 ಕೋಟಿ ರೂಪಾಯಿಗೂ ಮಿಕ್ಕಿ ಅಂದಾಜಿಸಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯ ಅಲ್ಲಿನ ಗಣಿಗಾರಿಕೆಯನ್ನು ತಡೆದಾಗ, ದೊಡ್ಡ ಉಲ್ಲಂಘನೆಯಿಲ್ಲದೆ ‘ಎ’ ವರ್ಗದಲ್ಲಿ ಸೇರಿದ ಗಣಿಗಳೂ 2012ರವರೆಗೆ ಬಾಗಿಲು ಹಾಕಿದವು. ಸಾಲ ಮಾಡಿ ಲಾರಿ ಕೊಂಡವನ ಕಂತು ಮಾತ್ರ ನಿಲ್ಲಲಿಲ್ಲ.

ಉಳಿಯುವುದು ಕೊಡುವವನ ಪ್ರಶ್ನೆ. 2011ರಲ್ಲಿ ಕೌಶಿಕ್ ಬಸು, ನ್ಯಾಯವಾಗಿ ತನಗೆ ಸಲ್ಲಬೇಕಾದುದಕ್ಕೇ ಲಂಚ ಕೊಡಬೇಕಾದವನನ್ನು ಅಪರಾಧಿಯೆನ್ನಬಾರದು, ಆಗ ಅವನು ನಿರ್ಭಯವಾಗಿ ದೂರು ಕೊಟ್ಟಾನು ಎಂದು ಸೂಚಿಸಿದರು. ಕೊಡುವ ಕೈಯನ್ನು ಹೀಗೆ ಪೂರ್ತಿ ಬಿಡುವುದು ಅನೇಕರಿಗೆ ಸರಿ ತೋರಲಿಲ್ಲ. 2018ರಲ್ಲಿ ತಿದ್ದುಪಡಿಯಾದ ಭ್ರಷ್ಟಾಚಾರ ತಡೆ ಕಾಯಿದೆ ಬೇರೊಂದು ದಾರಿ ಹಿಡಿಯಿತು: ಕೊಟ್ಟವನೂ ಅಪರಾಧಿ, ಬಲವಂತಕ್ಕೆ ಸಿಕ್ಕಿ ಕೊಟ್ಟವನು ಏಳು ದಿನಗಳೊಳಗೆ ತಿಳಿಸಿದರೆ ಮಾತ್ರ ವಿನಾಯಿತಿ. ಕಾಗದದ ಮೇಲೆ ಇದು ಸಮತೋಲನದ ಕ್ರಮವೇ. ಆದರೆ ಪರವಾನಗಿ ನವೀಕರಣಕ್ಕಾಗಿ ಹಣ ತೆತ್ತ ಸಣ್ಣ ವ್ಯಾಪಾರಿ ಆ ಏಳು ದಿನಗಳಲ್ಲಿ ಯೋಚಿಸುವುದು ಕಾಯಿದೆಯ ಕಲಮನ್ನಲ್ಲ. ಮುಂದಿನ ಮಾರ್ಚಿಯಲ್ಲಿ ಅದೇ ಮೇಜಿನ ಮುಂದೆ, ಅದೇ ಅರ್ಜಿ ಹಿಡಿದು ತಾನು ನಿಲ್ಲಬೇಕಾಗಿರುವುದನ್ನು.